ಮುಳ್ಳುತಂತಿಯಿಂದ ಗಗನನೌಕೆಗೆ

ಎಂಬತ್ತರ ದಶಕದಲ್ಲಿ ನಮ್ಮ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಎಂಬ ಅಮೆರಿಕನ್ ಧಾರಾವಾಹಿಯೊಂದು ಬರುತ್ತಿತ್ತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಭಾನುವಾರ ಟೀವಿಯ ಮುಂದೆ ಕುಳಿತು, ಚೂಪು ಕಿವಿಯ ಸ್ಪಾಕ್‌ನನ್ನು ಬೆರಗಿನಿಂದ ನೋಡಿದ್ದು ಅವರಿಗೆ ನೆನಪಿರಬಹುದು. ಆ ಗಗನನೌಕೆಯ ಚುಕ್ಕಾಣಿ ಹಿಡಿದು ಕೂರುತ್ತಿದ್ದವನು ಸುಳು ಎಂಬ ಅಧಿಕಾರಿ. ಏಷ್ಯಾದ ಮುಖ, ಗಂಭೀರ ಧ್ವನಿ. ಮಾತು ಹೆಚ್ಚಿಲ್ಲ. ಕ್ಯಾಪ್ಟನ್ ಕರ್ಕ್ ಆಜ್ಞೆ ಕೊಟ್ಟ ಕೂಡಲೇ ನೌಕೆಯನ್ನು ತಿರುಗಿಸುವುದಷ್ಟೇ ಅವನ ಕೆಲಸ. ಇಡೀ ಮನುಕುಲ ಜಾತಿ, ಬಣ್ಣ, ದೇಶಗಳ ಜಗಳ ಮರೆತು ಒಂದೇ ನೌಕೆಯಲ್ಲಿ ಪಯಣಿಸುವ ಭವಿಷ್ಯದ ಕಥೆ ಅದು.

ಆ ಸುಳು ಪಾತ್ರವನ್ನು ಮಾಡಿದ ನಟನ ಹೆಸರು ಜಾರ್ಜ್ ಟಕೇ. ಅಕ್ಷರ ನೋಡಿ 'ಟಕಾಯ್' ಎನ್ನುವವರೇ ಹೆಚ್ಚು. ಆದರೆ 'ಓಕೇ'ಗೆ ಪ್ರಾಸವಾಗುವಂತೆ 'ಟಕೇ' ಎನ್ನಬೇಕು. ಈ ಪ್ರಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ಈ ಮನುಷ್ಯ ಐದನೆಯ ವಯಸ್ಸಿನಲ್ಲಿ ತನ್ನದೇ ದೇಶದ ಸರಕಾರದ ಕೈದಿಯಾಗಿದ್ದ. ಅದು ನಿಮ್ಮ ಪಠ್ಯಪುಸ್ತಕದ ದ್ವಿತೀಯ ಮಹಾಯುದ್ಧದ ಅಧ್ಯಾಯದಲ್ಲಿ ಬಹುಶಃ ಒಂದು ಸಾಲಿನಲ್ಲೂ ಬಂದಿರಲಾರದ ಸಂಗತಿ.

ಜಾರ್ಜ್ ಹುಟ್ಟಿದ್ದು 1937ರ ಏಪ್ರಿಲ್ 20ರಂದು, ಕ್ಯಾಲಿಫೋರ್ನಿಯಾದ ಲಾಸ್ ಏಂಜಲಿಸ್ ನಗರದಲ್ಲಿ. ತಂದೆ ಜಪಾನಿನ ಯಮನಾಶಿ ಪ್ರಾಂತದವರು, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು. ತಾಯಿ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆ. ತಂದೆಗೆ ಇಂಗ್ಲೆಂಡಿನ ಚರಿತ್ರೆಯ ಹುಚ್ಚು. ಆ ವರ್ಷದ ಮೇ ತಿಂಗಳಲ್ಲಿ ಪಟ್ಟಾಭಿಷಿಕ್ತನಾದ ಆರನೆಯ ಜಾರ್ಜ್ ದೊರೆಯ ಹೆಸರನ್ನೇ ಮಗನಿಗಿಟ್ಟರು. ಎರಡನೆಯ ಮಗನಿಗೆ ಎಂಟನೆಯ ಹೆನ್ರಿಯ ಹೆಸರು. ಮನೆಯಲ್ಲಿ ಪುಟ್ಟ ತಂಗಿ. ತಂದೆಗೆ ಬಟ್ಟೆ ಡ್ರೈ ಕ್ಲೀನಿಂಗ್ ಮಾಡುವ ಅಂಗಡಿ. ಒಟ್ಟಿನಲ್ಲಿ ನೆಮ್ಮದಿಯ ಮಧ್ಯಮ ವರ್ಗದ ಸಂಸಾರ.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಎರಡೂವರೆ ತಿಂಗಳಲ್ಲಿ, 1942ರ ಫೆಬ್ರವರಿ 19ರಂದು, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 9066ನೆಯ ಸಂಖ್ಯೆಯ ಆಜ್ಞೆಗೆ ಸಹಿ ಹಾಕಿದರು. ಆ ಆಜ್ಞೆಯನ್ನು ಓದಿದರೆ ನಿಮಗೆ ಆಶ್ಚರ್ಯವಾದೀತು. ಅದರಲ್ಲಿ 'ಜಪಾನಿ' ಎಂಬ ಮಾತೇ ಇಲ್ಲ. ಸೇನೆಯು ಕೆಲವು ಪ್ರದೇಶಗಳನ್ನು ಸೈನಿಕ ವಲಯಗಳೆಂದು ಗುರುತಿಸಬಹುದು, ಅಲ್ಲಿಂದ ಯಾರನ್ನು ಬೇಕಾದರೂ ಹೊರಹಾಕಬಹುದು, ಅಷ್ಟೆ. ಆದರೆ ಯಾರನ್ನು ಎಂಬುದು ಎಲ್ಲರಿಗೂ ಗೊತ್ತಿತ್ತು. ಪಶ್ಚಿಮ ಕರಾವಳಿಯ ಗೋಡೆಗಳ ಮೇಲೆ, ದೀಪದ ಕಂಬಗಳ ಮೇಲೆ ಪ್ರಕಟಣೆಗಳು ಬಿದ್ದವು: ಜಪಾನಿ ಮೂಲದ ಎಲ್ಲ 'ಪರದೇಶಿ'ಗಳೂ 'ಪರದೇಶಿಯಲ್ಲದವ'ರೂ ಇಂಥ ದಿನ ಇಂಥ ಕಡೆ ಬಂದು ಸೇರಬೇಕು.

'ಪರದೇಶಿಯಲ್ಲದವರು' ಎಂದರೆ ಯಾರು, ಸ್ವಲ್ಪ ಯೋಚಿಸಿ. ಪರದೇಶಿಯಲ್ಲದವನು ಪ್ರಜೆ. ಆದರೆ 'ಪ್ರಜೆಗಳು' ಎಂದು ಬರೆದರೆ, ಪ್ರಜೆಯನ್ನು ವಿಚಾರಣೆಯಿಲ್ಲದೆ ಹೇಗೆ ಬಂಧಿಸುತ್ತೀರಿ ಎಂಬ ಪ್ರಶ್ನೆ ಏಳುತ್ತದೆ. ಹೀಗಾಗಿ ಆ ಶಬ್ದವನ್ನೇ ಕೈಬಿಟ್ಟರು. ಬಂಧನಕ್ಕೆ 'ಸ್ಥಳಾಂತರ' ಎಂದರು, ಬಂದೀಖಾನೆಗೆ 'ಪುನರ್ವಸತಿ ಕೇಂದ್ರ' ಎಂದರು. ಚರಿತ್ರೆ ಓದುವ ವಿದ್ಯಾರ್ಥಿಗಳಾದ ನೀವು ಸರಕಾರಿ ಕಾಗದಪತ್ರಗಳಲ್ಲಿ ಯಾವ ಶಬ್ದ ಇದೆ ಎಂಬುದರ ಜೊತೆಗೆ ಯಾವ ಶಬ್ದ ಇಲ್ಲ ಎಂಬುದನ್ನೂ ಹುಡುಕುವುದನ್ನು ರೂಢಿಸಿಕೊಳ್ಳಬೇಕು.

ಸುಮಾರು 1,20,000 ಜನ ಹೀಗೆ ಮನೆಮಠ ಬಿಟ್ಟು ಹೋದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಇದು ದೇಶದ ರಕ್ಷಣೆಗಾಗಿಯೇ ನಡೆದದ್ದಾದರೆ ಹವಾಯಿಯಲ್ಲಿ ಏನಾಯಿತು ನೋಡಿ. ಪರ್ಲ್ ಹಾರ್ಬರ್ ಇದ್ದದ್ದು ಅಲ್ಲಿಯೇ. ಅಲ್ಲಿನ ಜನಸಂಖ್ಯೆಯ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಜಪಾನಿ ಮೂಲದವರದು. ಅಪಾಯವಿದ್ದರೆ ಅಲ್ಲೇ ಹೆಚ್ಚಿರಬೇಕಿತ್ತು. ಆದರೆ ಅಲ್ಲಿ ಸಾಮೂಹಿಕ ಬಂಧನ ನಡೆಯಲಿಲ್ಲ. ಅವರೆಲ್ಲರನ್ನೂ ಒಳಗೆ ಹಾಕಿದರೆ ದ್ವೀಪದ ಕೆಲಸಕಾರ್ಯಗಳೇ ನಿಂತುಹೋಗುತ್ತಿದ್ದವು. ಕ್ಯಾಲಿಫೋರ್ನಿಯಾದಲ್ಲಾದರೋ, ಜಪಾನಿ ರೈತರು ಬೆಳೆಯುತ್ತಿದ್ದ ತರಕಾರಿ, ಹಣ್ಣುಗಳ ಪೈಪೋಟಿಯಿಂದ ಬೇಸತ್ತಿದ್ದ ಬಿಳಿಯ ಬೆಳೆಗಾರರು ಅವರನ್ನು ಓಡಿಸಲು ಮೊದಲಿನಿಂದಲೂ ಕಾದಿದ್ದರು. ಆ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಅರ್ಲ್ ವಾರೆನ್ ಹೂಡಿದ ವಾದ ಇನ್ನೂ ವಿಚಿತ್ರ. ಇದುವರೆಗೆ ಜಪಾನಿಗಳಿಂದ ಯಾವ ವಿಧ್ವಂಸಕ ಕೃತ್ಯವೂ ನಡೆದಿಲ್ಲ ಎಂಬುದೇ ಅಪಾಯದ ಸೂಚನೆ ಎಂದರು ಅವರು! ಮುಂದೆ ಇದೇ ವಾರೆನ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿ, 1954ರಲ್ಲಿ ಶಾಲೆಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರ್ಪಡಿಸುವುದು ಸಂವಿಧಾನಬಾಹಿರ ಎಂಬ ಪ್ರಸಿದ್ಧ ತೀರ್ಪು ಕೊಟ್ಟರು. ಮನುಷ್ಯರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಎಷ್ಟು ಕಷ್ಟ ನೋಡಿ.

ಟಕೇ ಅವರ ಮನೆಗೆ ಇಬ್ಬರು ಸಿಪಾಯಿಗಳು ಬಂದರು. ಬಂದೂಕಿನ ತುದಿಗೆ ಬಯೊನೆಟ್. ತಂದೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು ನಿಂತರು. ಕೊನೆಯಲ್ಲಿ ತಾಯಿ ಬಂದರು. ಒಂದು ಕಂಕುಳಲ್ಲಿ ಹಸುಗೂಸು, ಇನ್ನೊಂದು ಕೈಯಲ್ಲಿ ಭಾರವಾದ ಚೀಲ, ಕೆನ್ನೆಯ ಮೇಲೆ ಕಣ್ಣೀರು. ಆ ದೃಶ್ಯವನ್ನು ತಾನು ಎಂದೂ ಮರೆಯಲಾರೆ ಎಂದು ಟಕೇ ನೂರಾರು ಸಭೆಗಳಲ್ಲಿ ಹೇಳಿದ್ದಾರೆ. ಆ ತಾಯಿಯ ಸಾಮಾನಿನಲ್ಲಿ ಅಡಗಿದ್ದುದು ಒಂದು ಹೊಲಿಗೆ ಯಂತ್ರ. ಒಯ್ಯಬಾರದೆಂಬ ನಿಷೇಧವಿದ್ದರೂ ಮಕ್ಕಳ ಬಟ್ಟೆಗೆ ಬೇಕಾಗುತ್ತದೆಂದು ಕದ್ದು ಒಯ್ದಿದ್ದರು.

ಮೊದಲು ಅವರನ್ನು ಇರಿಸಿದ್ದು ಸಾಂತಾ ಅನಿತಾ ಎಂಬಲ್ಲಿನ ಕುದುರೆ ಪಂದ್ಯದ ಮೈದಾನದಲ್ಲಿ, ಕುದುರೆ ಲಾಯದಲ್ಲಿ. ಲದ್ದಿಯ ವಾಸನೆ ಇನ್ನೂ ಹೋಗಿರಲಿಲ್ಲ. ತಂದೆತಾಯಿಗೆ ಅದು ಸಹಿಸಲಾಗದ ಅವಮಾನ. ಐದು ವರ್ಷದ ಹುಡುಗನಿಗೆ, ಕುದುರೆ ಮಲಗುವ ಜಾಗದಲ್ಲಿ ಮಲಗುವ ಮೋಜು! ಅಲ್ಲಿಂದ ರೈಲಿನಲ್ಲಿ ಹಲವು ದಿನಗಳ ಪ್ರಯಾಣ, ಆರ್ಕನ್ಸಾ ರಾಜ್ಯದ ಜೌಗು ನೆಲದಲ್ಲಿದ್ದ ರೋವರ್ ಶಿಬಿರಕ್ಕೆ. ನಾವು ರಜೆಗೆ ಹೋಗುತ್ತಿದ್ದೇವೆ ಎಂದು ತಂದೆ ಮಕ್ಕಳಿಗೆ ಹೇಳಿದ್ದರು. ಶಿಬಿರದ ಸುತ್ತ ಮುಳ್ಳುತಂತಿಯ ಬೇಲಿ, ಕಾವಲು ಗೋಪುರ, ಅದರ ಮೇಲೆ ಬಂದೂಕು. ರಾತ್ರಿ ಪಾಯಿಖಾನೆಗೆ ಹೋಗುವಾಗ ಗೋಪುರದ ದೀಪ ಹಿಂದೆಯೇ ಬರುತ್ತಿತ್ತು. ತನಗೆ ದಾರಿ ಕಾಣಲೆಂದು ಬೆಳಕು ಬಿಡುತ್ತಿದ್ದಾರೆ ಎಂದು ಹುಡುಗ ತಿಳಿದಿದ್ದ. ಬೆಳಿಗ್ಗೆ ಶಿಬಿರದ ಶಾಲೆಯಲ್ಲಿ ಎದ್ದುನಿಂತು, ಎದೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ ಎಂದು ಮುಗಿಯುವ ರಾಷ್ಟ್ರನಿಷ್ಠೆಯ ಪ್ರತಿಜ್ಞೆಯನ್ನು ಹೇಳಬೇಕಿತ್ತು. ಕಿಟಕಿಯಾಚೆ ಬೇಲಿ ಕಾಣುತ್ತಿತ್ತು. ಆ ಮಾತಿನ ಕಟುವ್ಯಂಗ್ಯ ಹುಡುಗನಿಗಾಗಲಿ ಅವನ ಶಿಕ್ಷಕಿಗಾಗಲಿ ಹೊಳೆದಿರಲಾರದು.

1943ರಲ್ಲಿ ಸರಕಾರ ಶಿಬಿರವಾಸಿಗಳ ಕೈಗೆ ಒಂದು ಪ್ರಶ್ನಾವಳಿ ಕೊಟ್ಟಿತು. ಅದರ 27ನೆಯ ಪ್ರಶ್ನೆ: ಅಮೆರಿಕದ ಸೇನೆಯಲ್ಲಿ ಸೇರಿ ಹೋರಾಡಲು ಸಿದ್ಧರಿದ್ದೀರಾ? 28ನೆಯದು: ಅಮೆರಿಕಕ್ಕೆ ನಿಷ್ಠರಾಗಿದ್ದು, ಜಪಾನ್ ಚಕ್ರವರ್ತಿಗೆ ಇರುವ ನಿಷ್ಠೆಯನ್ನು ತೊರೆಯುತ್ತೀರಾ? ನೀವೇ ಉತ್ತರಿಸಿ ನೋಡಿ. ಅಮೆರಿಕದಲ್ಲಿ ಹುಟ್ಟಿದವನು 'ತೊರೆಯುತ್ತೇನೆ' ಎಂದರೆ ಮೊದಲು ಆ ನಿಷ್ಠೆ ತನಗಿತ್ತೆಂದು ಒಪ್ಪಿಕೊಂಡಂತೆ. ತಂದೆಯಂಥ ವಲಸಿಗರ ಪಾಡು ಇನ್ನೂ ಕಷ್ಟ. ಜಪಾನಿನಲ್ಲಿ ಹುಟ್ಟಿದವರಿಗೆ ಅಮೆರಿಕ ಪೌರತ್ವವನ್ನೇ ಕೊಡುತ್ತಿರಲಿಲ್ಲ. ಆ ಬಾಗಿಲು ತೆರೆದದ್ದು 1952ರಲ್ಲಿ. ಈಗ ಹೌದೆಂದರೆ ಯಾವ ದೇಶವೂ ಇಲ್ಲದವರಾಗಬೇಕು. ಟಕೇ ದಂಪತಿಗಳು ಎರಡಕ್ಕೂ ಇಲ್ಲ ಎಂದು ಬರೆದರು. ಅದರ ಫಲವಾಗಿ ಸಂಸಾರವನ್ನು ಕ್ಯಾಲಿಫೋರ್ನಿಯಾದ ಉತ್ತರ ತುದಿಯ ಟ್ಯೂಲ್ ಲೇಕ್ ಎಂಬ ಬಿಗಿ ಬಂದೋಬಸ್ತಿನ ಶಿಬಿರಕ್ಕೆ ಕಳಿಸಿದರು. ಅಲ್ಲಿ ಒಂದು ಹಂತದಲ್ಲಿ 18,000ಕ್ಕೂ ಹೆಚ್ಚು ಕೈದಿಗಳಿದ್ದರು.

ಹೌದೆಂದವರೂ ಇದ್ದರು. ತಮ್ಮವರು ಬೇಲಿಯೊಳಗಿರುವಾಗಲೇ ಸೇನೆ ಸೇರಿ, 442ನೆಯ ರೆಜಿಮೆಂಟಿನಲ್ಲಿ ಯೂರೋಪಿನ ರಣರಂಗದಲ್ಲಿ ಕಾದಾಡಿ, ಅಮೆರಿಕದ ಸೇನಾ ಇತಿಹಾಸದಲ್ಲೇ ಅತಿಹೆಚ್ಚು ಪದಕ ಗಳಿಸಿದ ದಳಗಳಲ್ಲೊಂದು ಎನಿಸಿಕೊಂಡರು. 'ಹೌದು' ಎಂದವರಿಗೂ 'ಇಲ್ಲ' ಎಂದವರಿಗೂ ನಡುವೆ ಸಮುದಾಯದೊಳಗೆ ಎದ್ದ ಗೋಡೆ ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಬೀಳಲಿಲ್ಲ. ಅವಮಾನಿಸಿದವರ ಮೇಲಿನ ಸಿಟ್ಟು ಅವಮಾನಿತರ ನಡುವಿನ ಜಗಳವಾಗಿ ತಿರುಗಿಬಿಡುವುದನ್ನು ನೀವು ಬೇರೆ ದೇಶಗಳ ಚರಿತ್ರೆಯಲ್ಲೂ ಕಾಣುತ್ತೀರಿ.

ನಡುವೆ ನಮ್ಮ ಮನೆಯ ಕಡೆಗೂ ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. 1962ರ ಚೀನಾ ಯುದ್ಧದ ಸಮಯದಲ್ಲಿ ಅಸ್ಸಾಂ, ಬಂಗಾಳದ ಕಡೆ ತಲೆಮಾರುಗಳಿಂದ ನೆಲೆಸಿದ್ದ ಚೀನಿ ಮೂಲದ ಸುಮಾರು 3,000 ಜನರನ್ನು ಹೀಗೆಯೇ ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಲಾಯಿತು. ಎಷ್ಟೋ ಜನ ಇಲ್ಲೇ ಹುಟ್ಟಿದವರು, ಇಲ್ಲಿನ ಭಾಷೆಗಳನ್ನೇ ಆಡುತ್ತಿದ್ದವರು. ಕೆಲವರು ಅಲ್ಲಿ ವರ್ಷಗಟ್ಟಲೆ ಇದ್ದರು. ಯುದ್ಧಕೈದಿಗಳ ಮಾತು ಬೇರೆ. ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಇಟಲಿಯ ಸೈನಿಕರನ್ನು ಇಟ್ಟಿದ್ದರಲ್ಲ, ಅವರು ರಣರಂಗದಲ್ಲಿ ಸೆರೆಸಿಕ್ಕವರು. ದೇವಳಿಗೆ ಹೋದವರಲ್ಲಿ ಅಂಗಡಿಕಾರರಿದ್ದರು, ಬಡಗಿಗಳಿದ್ದರು, ಶಾಲೆಗೆ ಹೋಗುವ ಮಕ್ಕಳಿದ್ದರು.

ಮತ್ತೆ ಟಕೇ ಅವರತ್ತ ಬರೋಣ. 1946ರಲ್ಲಿ ಬಿಡುಗಡೆಯಾದಾಗ ಪ್ರತಿಯೊಬ್ಬರ ಕೈಗೆ ಇಪ್ಪತ್ತೈದು ಡಾಲರ್ ಮತ್ತು ಒಂದು ರೈಲು ಟಿಕೆಟ್. ಮನೆ ಇಲ್ಲ, ಅಂಗಡಿ ಇಲ್ಲ. ಲಾಸ್ ಏಂಜಲಿಸ್‌ನ ಕುಡುಕರು, ನಿರ್ಗತಿಕರು ಇರುವ ಬೀದಿಯಲ್ಲಿ ಹೊಸ ಬದುಕು ಶುರುವಾಯಿತು. ಆ ದುರ್ವಾಸನೆಗೆ ಹೆದರಿದ ಪುಟ್ಟ ತಂಗಿ 'ಮನೆಗೆ ಹೋಗೋಣ' ಎಂದು ಅತ್ತಳಂತೆ. ಅವಳಿಗೆ ಮನೆಯೆಂದರೆ ಶಿಬಿರವೇ.

ಹದಿಹರೆಯದಲ್ಲಿ ಜಾರ್ಜ್ ಪೌರನೀತಿಯ ಪುಸ್ತಕಗಳನ್ನು ಓದತೊಡಗಿದ. ಅಲ್ಲಿ ಸ್ವಾತಂತ್ರ್ಯ, ಸಮಾನತೆ ಎಂದು ಹೊಳೆಯುವ ಅಕ್ಷರಗಳು. ತನ್ನ ಬಾಲ್ಯದ ಬಗ್ಗೆ ಒಂದು ಮಾತಿಲ್ಲ. ರಾತ್ರಿ ಊಟವಾದ ಮೇಲೆ ತಂದೆಯನ್ನು ಕೇಳುತ್ತಿದ್ದ. ತಂದೆ ಸಮಾಧಾನದಿಂದ ಹೇಳುತ್ತಿದ್ದರು: ನಮ್ಮದು ಜನರ ಪ್ರಜಾಪ್ರಭುತ್ವ, ಜನ ದೊಡ್ಡವರಾದಷ್ಟು ಅದೂ ದೊಡ್ಡದು, ಜನ ತಪ್ಪುವಷ್ಟು ಅದೂ ತಪ್ಪುತ್ತದೆ, ಆದ್ದರಿಂದ ಒಳ್ಳೆಯವರು ಅದರೊಳಗೆ ಇಳಿದು ಕೆಲಸ ಮಾಡಬೇಕು. ಒಂದು ರಾತ್ರಿ ಮಾತು ಬಿರುಸಾಯಿತು. ನೀವು ನಮ್ಮನ್ನು ಕುರಿಗಳ ಹಾಗೆ ಕಟುಕರ ಮನೆಗೆ ಕರೆದೊಯ್ದಿರಿ ಎಂದುಬಿಟ್ಟ ಮಗ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಇರಬಹುದೇನೋ ಎಂದು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಕ್ಷಮೆ ಕೇಳಬೇಕೆಂದು ಆ ಕ್ಷಣವೇ ಅನ್ನಿಸಿದರೂ ಮಗ ಕೇಳಲಿಲ್ಲ. ತಂದೆ 1979ರಲ್ಲಿ ತೀರಿಕೊಂಡರು. ಟಕೇ ಅವರ ಸಾರ್ವಜನಿಕ ಬದುಕಿನ ಬಹುಭಾಗ ಆ ಮುಚ್ಚಿದ ಬಾಗಿಲನ್ನು ತಟ್ಟುವ ಪ್ರಯತ್ನವೆಂದು ನನಗೆ ಅನೇಕ ಸಲ ಅನ್ನಿಸಿದೆ.

ಬರ್ಕ್‌ಲಿಯಲ್ಲಿ ವಾಸ್ತುಶಿಲ್ಪ ಓದಲು ಹೋದವರು ಅದನ್ನು ಬಿಟ್ಟು ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ ರಂಗಭೂಮಿ ಕಲಿತರು. ಆ ಕಾಲದ ಹಾಲಿವುಡ್‌ನಲ್ಲಿ ಏಷ್ಯಾದ ಮುಖಕ್ಕೆ ಸಿಗುತ್ತಿದ್ದುದು ಅಡುಗೆಯವನು, ಗೂಢಚಾರ, ಕ್ರೂರ ಸೈನಿಕ, ಇಷ್ಟೇ. ಇಂಥ ಹೊತ್ತಿನಲ್ಲಿ ಜೀನ್ ರಾಡನ್‌ಬರಿ ಎಂಬ ನಿರ್ಮಾಪಕ ಗಗನನೌಕೆಯ ಕಥೆ ಹಿಡಿದು ಬಂದರು. ಏಷ್ಯಾದ ಯಾವುದೇ ಒಂದು ದೇಶಕ್ಕೆ ಸೇರದ ಹೆಸರು ಬೇಕೆಂದು ಭೂಪಟ ನೋಡಿ, ಫಿಲಿಪ್ಪೀನ್ಸ್ ಬಳಿಯ ಸುಳು ಸಮುದ್ರದ ಹೆಸರನ್ನು ಪಾತ್ರಕ್ಕಿಟ್ಟರಂತೆ. 1966ರ ಸೆಪ್ಟೆಂಬರ್ 8ರಂದು ಧಾರಾವಾಹಿ ಆರಂಭವಾಯಿತು. ಒಂದು ಕಂತಿನಲ್ಲಿ ಸುಳು ಮತಿಗೆಟ್ಟು ಕತ್ತಿ ಹಿಡಿದು ಓಡಾಡಬೇಕಿತ್ತು. ಬರಹಗಾರರು ಸಮುರಾಯ್ ಖಡ್ಗ ಯೋಚಿಸಿದ್ದರು. ತಾನು ಬಾಲ್ಯದಲ್ಲಿ ಮೆಚ್ಚಿದ್ದು ಎರಲ್ ಫ್ಲಿನ್‌ನ ರಾಬಿನ್ ಹುಡ್ ಚಿತ್ರವನ್ನು, ಯೂರೋಪಿನ ಕತ್ತಿವರಸೆಯ ಖಡ್ಗವನ್ನೇ ಕೊಡಿ ಎಂದರು ಟಕೇ. ಹಾಗೆಯೇ ಆಯಿತು. ಇದು ಸಣ್ಣ ಸಂಗತಿ ಎನಿಸಬಹುದು. ಆದರೆ ಮುಖ ನೋಡಿ ಮನುಷ್ಯನ ಒಳಗೇನಿದೆಯೆಂದು ತೀರ್ಮಾನಿಸುವವರಿಂದ ನಾಲ್ಕು ವರ್ಷ ಸೆರೆವಾಸ ಅನುಭವಿಸಿದವನಿಗೆ ಅದು ಸಣ್ಣದಾಗಿರಲಾರದು. 79 ಕಂತುಗಳಾದ ಮೇಲೆ 1969ರಲ್ಲಿ ಧಾರಾವಾಹಿ ನಿಂತಿತು. ಅದರ ಜನಪ್ರಿಯತೆ ಬೆಳೆದದ್ದು ಮರುಪ್ರಸಾರಗಳಲ್ಲಿ.

1973ರಲ್ಲಿ ಅವರು ಲಾಸ್ ಏಂಜಲಿಸ್ ನಗರಸಭೆಗೆ ಸ್ಪರ್ಧಿಸಿ 1,647 ಮತಗಳಿಂದ ಸೋತರು. ಮೇಯರ್ ಟಾಮ್ ಬ್ರ್ಯಾಡ್ಲಿ ಅವರನ್ನು ಸಾರ್ವಜನಿಕ ಸಾರಿಗೆ ಮಂಡಳಿಗೆ ನೇಮಿಸಿದರು. ಹನ್ನೊಂದು ವರ್ಷ ಬಸ್ಸು, ರೈಲು, ಟಿಕೆಟ್ ದರಗಳ ಕಡತಗಳ ನಡುವೆ ದುಡಿದರು. ನಗರಕ್ಕೆ ಸುರಂಗ ರೈಲು ಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ಮತಗಳು ಸಮನಾದಾಗ, ಚಿತ್ರೀಕರಣದಿಂದ ಎದ್ದು ಓಡಿಬಂದು ನಿರ್ಣಾಯಕ ಮತ ಹಾಕಿದರು.

ಆ ಹೊತ್ತಿಗೆ ಶಿಬಿರಗಳ ಬಗ್ಗೆ ಮೌನ ಒಡೆಯತೊಡಗಿತ್ತು. 1976ರಲ್ಲಿ ಅಧ್ಯಕ್ಷ ಫೋರ್ಡ್ ಆ ಹಳೆಯ ಆಜ್ಞೆಯನ್ನು ಔಪಚಾರಿಕವಾಗಿ ರದ್ದುಮಾಡಿದರು. 1980ರಲ್ಲಿ ಸಂಸತ್ತು ಒಂದು ಆಯೋಗ ರಚಿಸಿತು. 1981ರಲ್ಲಿ ಊರೂರಲ್ಲಿ ನಡೆದ ವಿಚಾರಣೆಗಳಲ್ಲಿ, ಮಕ್ಕಳ ಮುಂದೆಯೂ ಬಾಯಿಬಿಡದಿದ್ದ ಮುದುಕರು, ಮುದುಕಿಯರು ಎದ್ದು ನಿಂತು ಅತ್ತು ಹೇಳಿದರು. ಟಕೇ ಕೂಡ ಸಾಕ್ಷಿ ನುಡಿದರು. 1983ರಲ್ಲಿ ಬಂದ ವರದಿ ಸ್ಪಷ್ಟವಾಗಿತ್ತು: ಇದಕ್ಕೆ ಸೈನಿಕ ಅಗತ್ಯ ಇರಲಿಲ್ಲ, ಜನಾಂಗ ದ್ವೇಷ, ಯುದ್ಧದ ಉನ್ಮಾದ ಮತ್ತು ರಾಜಕೀಯ ನಾಯಕತ್ವದ ವೈಫಲ್ಯ, ಈ ಮೂರೇ ಕಾರಣ. ಬೇಹುಗಾರಿಕೆಯ ಒಂದು ದಾಖಲಿತ ಪ್ರಕರಣವನ್ನೂ ಆಯೋಗ ಈ ಜನರಲ್ಲಿ ಕಾಣಲಿಲ್ಲ. 1988ರ ಆಗಸ್ಟ್ 10ರಂದು ಅಧ್ಯಕ್ಷ ರೇಗನ್ ಕಾನೂನಿಗೆ ಸಹಿ ಹಾಕಿ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು. ಬದುಕುಳಿದ ಪ್ರತಿಯೊಬ್ಬರಿಗೆ 20,000 ಡಾಲರ್ ಪರಿಹಾರ. ಆ ದಿನಕ್ಕೆ ಮೊದಲೇ ತೀರಿಕೊಂಡವರಿಗೆ ಏನೂ ಇಲ್ಲ. ಹೀಗಾಗಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡಿದ್ದ ತಂದೆಯ ಹೆಸರಿಗೆ ಪತ್ರ ಬರಲಿಲ್ಲ. ಟಕೇ ತಮ್ಮ ಪಾಲಿನ ಹಣವನ್ನು ಲಾಸ್ ಏಂಜಲಿಸ್‌ನಲ್ಲಿ ತಲೆಯೆತ್ತುತ್ತಿದ್ದ ಜಪಾನಿ ಅಮೆರಿಕನ್ನರ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು.

ಇಷ್ಟೆಲ್ಲ ಮಾತಾಡಿದ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿದ್ದರು. ತಾನು ಸಲಿಂಗ ಪ್ರೇಮಿ ಎಂಬುದು ಗೊತ್ತಾದರೆ ನಟನೆಯ ಬದುಕು ಮುಗಿಯುತ್ತದೆಂಬ ಭಯ. 2005ರಲ್ಲಿ, ಸಲಿಂಗಿಗಳ ವಿವಾಹಕ್ಕೆ ಕ್ಯಾಲಿಫೋರ್ನಿಯಾ ಶಾಸನಸಭೆ ಒಪ್ಪಿದ ಮಸೂದೆಯನ್ನು ಗವರ್ನರ್ ತಡೆಹಿಡಿದಾಗ, 68ನೆಯ ವಯಸ್ಸಿನಲ್ಲಿ ಬಹಿರಂಗವಾಗಿ ಮಾತಾಡಿದರು. 2008ರಲ್ಲಿ ತಮ್ಮ ಬಹುಕಾಲದ ಸಂಗಾತಿ ಬ್ರ್ಯಾಡ್ ಆಲ್ಟ್‌ಮನ್‌ರನ್ನು ಅದೇ ವಸ್ತುಸಂಗ್ರಹಾಲಯದಲ್ಲಿ ವಿವಾಹವಾದರು. 2011ರಲ್ಲಿ ಟೆನೆಸಿ ರಾಜ್ಯದಲ್ಲಿ ಶಾಲಾ ಶಿಕ್ಷಕರು 'ಗೇ' ಎಂಬ ಶಬ್ದವನ್ನೇ ಎತ್ತದಂತೆ ಮಾಡುವ ಮಸೂದೆ ಬಂದಾಗ, ಆ ಶಬ್ದದ ಬದಲು ನನ್ನ ಹೆಸರನ್ನು ಬಳಸಿಕೊಳ್ಳಿ, ಟಕೇ ಆಗಿರುವುದು ಓಕೇ ಎಂದು ನಗೆಯಾಡಿದರು. ನಾನು ಹೇಳಿದ ಪ್ರಾಸ ಇದೇ.

ಅವರು ಎಡವಿದ್ದೂ ಉಂಟು. 2015ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಲಿಂಗ ವಿವಾಹವನ್ನು ಎತ್ತಿಹಿಡಿದಾಗ, ಭಿನ್ನಮತದ ತೀರ್ಪು ಬರೆದ ಕ್ಲಾರೆನ್ಸ್ ಥಾಮಸ್ ಎಂಬ ಕರಿಯ ನ್ಯಾಯಮೂರ್ತಿಗಳು, ಘನತೆಯನ್ನು ಸರಕಾರ ಕೊಡುವುದೂ ಇಲ್ಲ, ಕಸಿಯುವುದೂ ಆಗದು. ಬಂಧನ ಶಿಬಿರದಲ್ಲಿದ್ದವರೂ ಘನತೆ ಕಳೆದುಕೊಳ್ಳಲಿಲ್ಲ ಎಂಬರ್ಥದ ಮಾತು ಬರೆದಿದ್ದರು. ಟಕೇ ಕೆರಳಿ ಅವರ ಬಣ್ಣವನ್ನು ಹಿಡಿದು ಹಂಗಿಸುವ ಮಾತಾಡಿದರು. ಟೀಕೆ ಬಂತು. ಕೆಲವೇ ದಿನಗಳಲ್ಲಿ ಅದು ತಪ್ಪೆಂದು ಒಪ್ಪಿ ಕ್ಷಮೆ ಕೇಳಿದರು. ಆದರೂ ಮೂಲ ಪ್ರಶ್ನೆ ಉಳಿದೇ ಇದೆ. ಕುದುರೆ ಲಾಯದಲ್ಲಿ ಮಲಗಿದ ತಾಯಿ ಘನತೆ ಕಳೆದುಕೊಂಡಳೇ, ಉಳಿಸಿಕೊಂಡಳೇ? ನಿಮ್ಮ ತರಗತಿಯಲ್ಲಿ ಇದನ್ನಿಟ್ಟು ಚರ್ಚಿಸಿ. ಎರಡೂ ಕಡೆ ವಾದ ಮಾಡುವವರು ಸಿಗುತ್ತಾರೆ.

ಅದೇ ವರ್ಷದ ನವೆಂಬರ್‌ನಲ್ಲಿ, 78ನೆಯ ವಯಸ್ಸಿನಲ್ಲಿ, ಅವರು ನ್ಯೂಯಾರ್ಕಿನ ಬ್ರಾಡ್‌ವೇ ರಂಗವನ್ನು ಹತ್ತಿದರು. ಶಿಬಿರದ ಬದುಕನ್ನೇ ಕುರಿತ 'ಅಲೀಜಿಯನ್ಸ್' ಎಂಬ ಸಂಗೀತ ನಾಟಕದಲ್ಲಿ ಒಬ್ಬ ಅಜ್ಜನ ಪಾತ್ರ, ಜೊತೆಗೆ ತನ್ನವರೊಡನೆ ಮುನಿದು ದಶಕಗಟ್ಟಲೆ ದೂರವಿದ್ದ ಮುದುಕನ ಪಾತ್ರ. 2019ರಲ್ಲಿ ಬಾಲ್ಯದ ಕಥೆಯನ್ನು ಚಿತ್ರಕಥಾ ಪುಸ್ತಕವಾಗಿ, ನಿಮ್ಮ ವಯಸ್ಸಿನ ಓದುಗರಿಗಾಗಿಯೇ ತಂದರು.

ರೋವರ್ ಶಿಬಿರವಿದ್ದ ಜಾಗದಲ್ಲಿ ಬಹುಪಾಲು ಈಗ ಹೊಲಗಳು. ಶಿಬಿರದಲ್ಲಿ ಸತ್ತವರ ಸಣ್ಣ ಸ್ಮಶಾನ, ಆಸ್ಪತ್ರೆಯ ಒಂದು ಹೊಗೆಗೊಳವೆ ಉಳಿದಿವೆ. 2013ರಲ್ಲಿ ಹತ್ತಿರದ ಮೆಗೀ ಪಟ್ಟಣದ ಹಳೆಯ ರೈಲು ನಿಲ್ದಾಣದಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದಾಗ ಟಕೇ ಅಲ್ಲಿಗೆ ಹೋಗಿದ್ದರು. ಶಿಬಿರದ ಜಾಗದಲ್ಲಿ ನೋಡಲು ಬಂದವರಿಗಾಗಿ ಧ್ವನಿ ಫಲಕಗಳನ್ನೂ ನಿಲ್ಲಿಸಿದರು. ಗುಂಡಿ ಒತ್ತಿದರೆ, ಇಲ್ಲಿ ಶಾಲೆಯಿತ್ತು, ಇಲ್ಲಿ ಬೇಲಿಯಿತ್ತು ಎಂದು ಸುಳುವಿನ ಆ ಗಂಭೀರ ಧ್ವನಿ ಹೇಳತೊಡಗುತ್ತದೆ.